ಎಲ್ಲರೂ ನೆಮ್ಮದಿಯಾಗಿದ್ದ ಕಾಲೇಜು

ಕೋವಿಡ್ ಕಳೆದು ಕಾಲೇಜುಗಳು ಮತ್ತೆ ತುಂಬಿದ್ದ ವರ್ಷ. ನಾನಾಗ ಹಾಸನದಲ್ಲಿ ದಿನಪತ್ರಿಕೆಯೊಂದರ ಜಿಲ್ಲಾ ವರದಿಗಾರ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುದ್ದಿಯೂ ನನ್ನ ಪಾಲಿಗೇ ಇತ್ತು. ಒಂದು ದಿನ ಪದವಿ ಕಾಲೇಜೊಂದರಿಂದ ಪತ್ರಿಕಾ ಪ್ರಕಟಣೆ ಬಂತು: ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆ ಮೊಬೈಲ್ ಆ್ಯಪ್ ತಂದಿದ್ದೇವೆ, ಎಲ್ಲರೂ ಅದರಲ್ಲಿ ಸ್ವಯಂ ಪರೀಕ್ಷೆ ಮಾಡಿಕೊಂಡಿದ್ದಾರೆ, ಎಲ್ಲರ ಫಲಿತಾಂಶವೂ ಹಸಿರು. ಹಸಿರೆಂದರೆ ತೊಂದರೆಯಿಲ್ಲ ಎಂದರ್ಥ. ಯಾರನ್ನೂ ವಿಚಾರಿಸದೆ ಫೋಟೊ ಸಹಿತ ಸುದ್ದಿ ಕಳಿಸಿದೆ.

ಅದು ಅಚ್ಚಾದ ದಿನವೇ ಅರಕಲಗೂಡು ಕಡೆಯ ಅಂಗನವಾಡಿ ಕಾರ್ಯಕರ್ತೆ ಜಯಮ್ಮ ಫೋನ್ ಮಾಡಿದರು. (ತಾಯಿ, ಮಗಳು ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.)

"ಎಲ್ರೂ ನೆಮ್ದಿಯಾಗವ್ರೆ ಅಂತ ಬರ್ದಿದ್ದೀರಲ್ಲ ಸಾ, ನನ್ ಮಗಳ್ನ ಕೇಳಿದ್ರಾ? ನಿದ್ದೆ ಮಾಡಾಕಿಲ್ಲ, ಅನ್ನ ಮುಟ್ಟಾಕಿಲ್ಲ. ಇದ್ದೇನ್ ಮಾಡ್ಲವ್ವಾ ಅಂತಾಳೆ."

ಮಗಳು ಚೈತ್ರಾ ಆ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು. ಆಪ್ತ ಸಮಾಲೋಚಕರನ್ನು ಕಾಣಬೇಕೆಂದು ಕೇಳಿದ್ದಳು. ಆ್ಯಪ್ ಬಂದ ಮೇಲೆ ಆ ಹುದ್ದೆಯನ್ನೇ ತೆಗೆದಿದ್ದರು. ಹಸಿರು ಬಂದವಳಿಗೆ ಎಂಥ ಕಾಯಿಲೆ ಎಂದು ಹಾಸ್ಟೆಲ್‌ನಿಂದ ಮನೆಗೆ ಹೋಗಲು ರಜೆಯನ್ನೂ ಕೊಟ್ಟಿರಲಿಲ್ಲ.

ಮರುದಿನ ಕಾಲೇಜಿನ ಗೇಟಿನ ಬಳಿ ತಾಯಿ, ಮಗಳನ್ನು ಕಂಡೆ. ಚೈತ್ರಾ ತರಗತಿಯ ವಾಟ್ಸ್‌ಆ್ಯಪ್ ಗುಂಪು ತೋರಿಸಿದಳು. ಹುಡುಗರು ಆನ್‌ಲೈನ್ ಕ್ವಿಜ್‌ಗಳಿಗೆ ಉತ್ತರ ಹಂಚಿಕೊಳ್ಳುವಂತೆ ಈ ಪರೀಕ್ಷೆಗೂ ಉತ್ತರ ಹಂಚಲಾಗಿತ್ತು. ಹಂಚಿದವರು ಮಾತ್ರ ಆ ತರಗತಿಯ ಮೇಷ್ಟ್ರು: "ಎಲ್ಲ ಪ್ರಶ್ನೆಗೂ 'ಎಂದೂ ಇಲ್ಲ' ಒತ್ತಿ. ಕಾಲೇಜಿಗೆ ದರ್ಜೆ ಕೊಡುವ ತಪಾಸಣಾ ತಂಡ ಬರುತ್ತಿದೆ."

ಮೂವರೂ ಆ ಮೇಷ್ಟ್ರ ಕೊಠಡಿಗೆ ಹೋದೆವು.

"ಈಗಿನ ಮಕ್ಳು ಸುಮ್‌ಸುಮ್ನೆ ಹೆದರ್ಕೋತಾರೆ ಸರ್," ಎಂದು ಅವರು ನನಗೆ ಹೇಳಿದರು.

"ಸುಮ್‌ಸುಮ್ನೆಯಾ? ಅಂಗಾರೆ ನಿಮ್ ಮುಂದೇನೇ ಒತ್ಲಿ ಸಾ," ಎಂದ ಜಯಮ್ಮ ಮಗಳತ್ತ ತಿರುಗಿದರು. "ಒತ್ತವ್ವ, ಇದ್ದದ್ದು ಇದ್ದಂಗೆ."

ಚೈತ್ರಾ ಒಂದೊಂದೇ ಪ್ರಶ್ನೆಗೆ ಉತ್ತರಿಸಿದಳು. ಕೊನೆಯ ಗುಂಡಿಯ ಮೇಲೆ ಬೆರಳಿಟ್ಟಾಗ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

"ಸಬ್ಮಿಟ್ ಕೊಡ್ಬೇಡಮ್ಮ! ಕಾಲೇಜಿನ ರಿಪೋರ್ಟ್ ಕೆಡ್ತದೆ."

ಅವಳು ಒತ್ತಿದಳು. ಪರದೆ ಕೆಂಪಾಯಿತು: ಇಂದೇ ವೈದ್ಯರನ್ನು ಕಾಣಿ.

"ಇದುಕ್ಕೆ ತಿಳೀತಲ್ಲ ಸಾ," ಎಂದರು ಜಯಮ್ಮ. "ನಿಮಗ್ಯಾಕೆ ತಿಳೀಲಿಲ್ಲ?"

ಅಲ್ಲಿಂದ ನೇರ ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋದೆವು. ಆ ದಿನವೇ ಚಿಕಿತ್ಸೆ ಶುರುವಾಯಿತು. ಚೇತರಿಸಿಕೊಳ್ಳಲು ಅವಳಿಗೆ ತಿಂಗಳುಗಳೇ ಬೇಕಾದವು. ನನ್ನ ಮೊದಲ ಸುದ್ದಿ ಸುಳ್ಳೆಂದು ಒಪ್ಪಿಕೊಂಡು ನಾನು ಇನ್ನೊಂದು ವರದಿ ಬರೆದೆ.

ಆ್ಯಪ್ ಮೇಲೆ ನನಗೆ ತಕರಾರಿಲ್ಲ. ನಿಜ ಹೇಳಿದೊಡನೆ ಅದು ತನ್ನ ಕೆಲಸ ಮಾಡಿತು. ಸುಳ್ಳು ಹೇಳಲು ಮಕ್ಕಳಿಗೆ ಕಲಿಸಿದವರು ಮೇಷ್ಟ್ರು. ಆ ಸುಳ್ಳನ್ನು ಜಿಲ್ಲೆಗೆಲ್ಲ ಹಂಚಿದವನು ನಾನು. ಆಮೇಲೆ 'ಎಲ್ಲರೂ' ಎಂದು ಬರೆದ ಪ್ರಕಟಣೆ ಬಂದಾಗಲೆಲ್ಲ, ಆ ಎಲ್ಲರಲ್ಲಿ ಒಬ್ಬರನ್ನಾದರೂ ಮಾತಾಡಿಸದೆ ನಾನು ಒಂದು ಸಾಲನ್ನೂ ಕಳಿಸಿಲ್ಲ.