ಕೋಟೆ ಗುಡ್ಡ ಹತ್ತಿದ ಬೆಳಗು

ಎತ್ತರವೆಂದರೆ ನನಗೆ ಮೊದಲಿನಿಂದಲೂ ಭಯ. ನಾನು ಹುಟ್ಟಿ ಬೆಳೆದದ್ದು ಜಕ್ಕಲಿಯಲ್ಲಿ. ಸುತ್ತಲೂ ಎರೆಹೊಲ, ಕಣ್ಣು ಹಾಯಿಸಿದಷ್ಟು ದೂರ ಬಯಲು. ಊರಲ್ಲಿ ಎತ್ತರದ ಜಾಗವೆಂದರೆ ಮನೆಗಳ ಮಣ್ಣಿನ ಮಾಳಿಗೆ. ಚಿಕ್ಕವಳಿದ್ದಾಗ ಒಮ್ಮೆ ಅಲ್ಲಿ ಮೆಣಸಿನಕಾಯಿ ಹರವಲು ಹೋದವಳು ಬೆಳಕಿಂಡಿಯಿಂದ ಒಳಗೆ ಬಗ್ಗಿ ನೋಡಿದೆ. ಕೆಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ನೆತ್ತಿ ಕಂಡಿತು. ಯಾರೋ ಕುತ್ತಿಗೆ ಹಿಡಿದು ಆ ಕಿಂಡಿಯೊಳಕ್ಕೆ ಎಳೆಯುತ್ತಿದ್ದಾರೆ ಅನ್ನಿಸಿ ಚೀರಿಕೊಂಡೆ. ಅಪ್ಪ ಬಂದು ಎತ್ತಿಕೊಂಡೇ ಇಳಿಸಬೇಕಾಯಿತು.

ಅಂಥವಳನ್ನು ಕೊಟ್ಟದ್ದು ಗಜೇಂದ್ರಗಡಕ್ಕೆ. ಹಿತ್ತಲ ಬಾಗಿಲು ತೆರೆದರೆ ಎದುರಿಗೇ ಗುಡ್ಡ, ಅದರ ಮೇಲೆ ಕೋಟೆಯ ಗೋಡೆ. ಮನೆಗೆ ಬಂದ ಬೀಗರೆಲ್ಲ ಒಮ್ಮೆ ಗುಡ್ಡ ಹತ್ತಿ ಬರುತ್ತಿದ್ದರು. ನಾನು ಅಡುಗೆಯ ನೆಪ ಹೇಳಿ ಒಳಗೇ ಉಳಿಯುತ್ತಿದ್ದೆ. ವರ್ಷಗಳು ಹೀಗೇ ಕಳೆದವು.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ನನ್ನ ನಾದಿನಿ ನರಗುಂದದ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಳು. ಅವಳ ಚೊಚ್ಚಲ ಬಸಿರು ಏಳನೆಯ ತಿಂಗಳಲ್ಲಿ ಹೋಗಿತ್ತು. ದವಾಖಾನೆಯಲ್ಲಿ ನಾನೂ ಇದ್ದೆ. ಅವಳಿಗೆ ಎಚ್ಚರವಾಗುವ ಮೊದಲೇ ಹಿರಿಯರು ಕೂಸನ್ನು ಒಯ್ದು ಮಣ್ಣು ಮಾಡಿ ಬಂದರು. ಆ ಮಾತನ್ನು ಅವಳ ಮುಂದೆ ಎತ್ತಬಾರದೆಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದ್ದೆವು. ಊಟಕ್ಕೆ ಕರೆದರೆ ಬರುವಳು, ನಾಲ್ಕು ತುತ್ತು ತಿಂದು ಏಳುವಳು. ಅತ್ತೆ ಅತ್ತರೂ ಅವಳು ಅಳಲಿಲ್ಲ. ನಮ್ಮನ್ನು ಹೆಚ್ಚು ಕಾಡಿದ್ದು ಅದೇ.

ಒಂದು ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಚಹ ಕುಡಿಯುತ್ತಿದ್ದವಳು ತಾನಾಗಿಯೇ ಕೇಳಿದಳು.

"ವೈನಿ, ಗುಡ್ಡ ಹತ್ತೂಣೇನ್ರಿ?"

"ಯಾವಾಗ?"

"ಈಗ."

"ಸಂಜಿಗೆ ನಿಮ್ಮಣ್ಣನ ಜೋಡಿ ಹೋಗಂತ" ಎನ್ನುವ ಮಾತು ಬಾಯಿಗೆ ಬಂದಿತ್ತು. ಆದರೆ ಬಂದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹೂಂ ಅಂದೆ.

ಮನೆಗಳ ಸಾಲು ಮುಗಿಯುವವರೆಗೆ ಚಿಂತೆಯಿರಲಿಲ್ಲ. ಮೆಟ್ಟಿಲು ಸುರುವಾದವು. ಕೆಲವು ಬಂಡೆಯಲ್ಲೇ ಕಡಿದವು, ಕೆಲವು ಕಲ್ಲು ಜೋಡಿಸಿದವು, ಮಳೆಗೆ ಸವೆದು ನುಣುಪಾಗಿದ್ದವು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ. ನಾನು ಬಂಡೆಗೆ ಭುಜ ಉಜ್ಜಿಕೊಂಡೇ ನಡೆದೆ. ಮುಂದೆ ಹೋಗುತ್ತಿದ್ದ ನಾದಿನಿಯ ಹಿಮ್ಮಡಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದು ತಿರುವಿನಲ್ಲಿ ಮಾತ್ರ, ಹಿಂದೆ ಯಾವುದೋ ಕಲ್ಲು ಉರುಳಿದ ಸದ್ದಾಗಿ ತಿರುಗಿದೆ. ಮನೆಗಳ ತಗಡು, ದಾರಿ, ಬಸ್ಸು ಎಲ್ಲ ಕಾಲ ಕೆಳಗೆ ಇದ್ದವು. ಇಡೀ ಊರು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು. ಕುಸಿದು ಕುಳಿತು ಬಂಡೆಯ ಸಂದಿಗೆ ಬೆರಳು ತುರುಕಿಕೊಂಡೆ.

"ಏನಾತ್ರಿ ವೈನಿ?"

"ನನ್ನ ಕೈಲೆ ಆಗೂದಿಲ್ಲ ತಂಗಿ. ಇಳದು ಹೋಗೂಣು ಬಾ."

"ನೀವು ಇಲ್ಲೇ ಕುಂಡ್ರಿ. ನಾ ಮ್ಯಾಲ ಹೋಗಿ ಬರ್ತೀನಿ" ಅಂದವಳೇ ನಡೆದುಬಿಟ್ಟಳು. ಚಪ್ಪಲಿಯ ಸಪ್ಪಳ ತಿರುವಿನಾಚೆ ಕರಗಿತು.

ಕಣ್ಣು ಮುಚ್ಚಿ ಕುಳಿತಿದ್ದೆ. ಎಷ್ಟು ಹೊತ್ತಾಯಿತೋ, ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಮೇಲಿನಿಂದ ಇಳಿದು ಬಂದಳು. ನನ್ನನ್ನು ನೋಡಿ ನಿಂತಳು.

"ಮ್ಯಾಲಿನ ಹುಡುಗಿ ಜೋಡಿ ಬಂದೀರೇನ್ರಿ?"

"ಹೌದ್ರಿ, ಯಾಕ?"

"ಗ್ವಾಡಿ ಬಿದ್ದಲ್ಲಿ ಭಾಳ ತುದೀಗೆ ಕುಂತಾಳ ನೋಡ್ರಿ. ಹಿಂದ ಸರದು ಕುಂಡ್ರವಾ ಅಂದ್ರ ಮಾತಾಡವಲ್ಲಳು. ಲಗೂ ಹೋಗ್ರಿ."

ಅಲ್ಲಿಯವರೆಗೆ ನಾನು ಪಟ್ಟ ಭಯವೆಲ್ಲ ಒಂದು ತೂಕ, ಆಗ ಹುಟ್ಟಿದ್ದೇ ಒಂದು ತೂಕ. ಗುಡ್ಡ ಹತ್ತೋಣವೇ ಎಂದು ಅವಳು ಕೇಳಿದ ದನಿ ಕಿವಿಯಲ್ಲಿ ಬೇರೆಯೇ ಆಗಿ ಕೇಳತೊಡಗಿತು. ಎದ್ದು ನಿಲ್ಲಲು ನೋಡಿದೆ, ಆಗಲಿಲ್ಲ. ಚಪ್ಪಲಿ ಕಳಚಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಕೈಯೂರಿ ಕೂಸಿನ ಹಾಗೆ ಅಂಬೆಗಾಲಿಕ್ಕಿದೆ. ಮುಂದಿನ ಮೆಟ್ಟಿಲು ಮಾತ್ರ ನೋಡು, ಅದರ ಮುಂದಿನದು ನೋಡು ಎಂದು ನನಗೆ ನಾನೇ ಗದರಿಕೊಂಡೆ. ಒಮ್ಮೆ ಕೈ ಜಾರಿ ಗದ್ದ ಕಲ್ಲಿಗೆ ಬಡಿಯಿತು. ಬಾಯಲ್ಲಿ ರಕ್ತದ ರುಚಿ ಬಂತು. ಅಲ್ಲೇ ತಡೆದರೆ ಮತ್ತೆ ಮುಂದೆ ಸಾಗಲಾರೆನೆಂದು ಗೊತ್ತಿತ್ತು.

ಕೋಟೆಯ ಬಾಗಿಲು ದಾಟಿದರೆ ಮೇಲೆ ಬಯಲು, ಸೊಂಟದುದ್ದ ಹುಲ್ಲು, ತಳ್ಳಿಬಿಡುವಂಥ ಗಾಳಿ. ಆಚೆಯ ಗುಡ್ಡಗಳ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಗೋಡೆ ಕುಸಿದ ಕಡೆ ಅವಳು ನನಗೆ ಬೆನ್ನು ಮಾಡಿ, ಕಾಲು ಇಳಿಬಿಟ್ಟು ಕುಳಿತಿದ್ದಳು. ಅವಳ ಮುಂದೆ ಬರೀ ಆಕಾಶ.

ಕೂಗಿದರೆ ಬೆಚ್ಚಿಬೀಳಬಹುದು. ಮೆಲ್ಲಗೆ ಕರೆದರೆ ಗಾಳಿಗೆ ಕೇಳದು. ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಮಲಗಿ ತೆವಳುತ್ತ ಹೋದೆ. ತುದಿ ಹತ್ತಿರವಾದಂತೆ ನೆಲವೇ ಮುಂದಕ್ಕೆ ಜಾರುತ್ತಿದೆ ಅನ್ನಿಸಿತು. ಕಣ್ಣು ಮುಚ್ಚಿಯೇ ಎರಡೂ ಕೈ ಚಾಚಿ ಅವಳ ಸೊಂಟ ತಬ್ಬಿ ಹಿಡಿದೆ.

"ಯವ್ವಾ! ವೈನಿ? ನೀವು ಹ್ಯಾಂಗ ಬಂದ್ರಿ?"

"ಹಿಂದ ಸರಿ. ಮೊದಲ ಹಿಂದ ಸರಿ."

ಸರಿದಳು. ಸಾಕಷ್ಟು ದೂರ ಬಂದ ಮೇಲೂ ನಾನು ಕೈ ಬಿಡಲಿಲ್ಲ. ಅವಳು ನನ್ನ ಅಂಗೈ ಬಿಡಿಸಿ ನೋಡಿದಳು. ಚರ್ಮ ಸುಲಿದು ಮಣ್ಣು ಮೆತ್ತಿಕೊಂಡಿತ್ತು.

"ಖರೇ ಹೇಳು ತಂಗಿ, ಅಲ್ಲ್ಯಾಕ ಕುಂತಿದ್ದಿ?"

"ಗೊತ್ತಿಲ್ರಿ. ಕುಂತೆ. ಏಳಾಕ ಮನಸಾಗಲಿಲ್ಲ." ನನ್ನ ಅಂಗೈಯ ಮಣ್ಣು ಒರೆಸುತ್ತ ತಲೆ ತಗ್ಗಿಸಿಯೇ ಕೇಳಿದಳು. "ವೈನಿ, ನೀವು ನೋಡಿದ್ರೇನ್ರಿ ಅದನ್ನ? ನನಗ ಯಾರೂ ತೋರಸಲಿಲ್ಲ."

"ನೋಡಿದೆ."

"ಹ್ಯಾಂಗಿತ್ರಿ?"

"ಹೆಣ್ಣು ಕೂಸು. ಮೂಗು ನಿನ್ನಂಥದ. ತಲೀ ತುಂಬ ಕೂದಲಿತ್ತು."

ಆಗ ಅತ್ತಳು. ಗಾಳಿಯಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ, ಜೋರಾಗಿಯೇ ಅತ್ತಳು. ನಾನು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ನೆನಪಿದ್ದಷ್ಟನ್ನೂ ಹೇಳಿದೆ. ಯಾವ ಬಟ್ಟೆಯಲ್ಲಿ ಸುತ್ತಿದ್ದರು, ಎಲ್ಲಿಟ್ಟು ಬಂದರು, ಎಲ್ಲವನ್ನೂ.

ಇಳಿಯುವುದು ಹತ್ತುವುದಕ್ಕಿಂತ ಘೋರವಾಗಿತ್ತು. ಇಳಿಯುವಾಗ ನೋಡದೆ ಗತಿಯಿಲ್ಲ. ಅವಳು ನನ್ನ ಮುಂದೆ, ನನ್ನ ಕಡೆಗೇ ಮುಖ ಮಾಡಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದಳು. ನಾನು ಕುಂಡಿ ಊರಿ ಜಾರಿದೆ.

"ನನ್ನ ಮಾರಿ ನೋಡ್ರಿ. ಕೆಳಗ ನೋಡಬ್ಯಾಡ್ರಿ."

ನಾನು ಜಾರಿದರೆ ಇವಳನ್ನೂ ಕೆಡವಿಕೊಂಡೇ ಹೋಗುತ್ತೇನೆ ಎಂಬ ಹೆದರಿಕೆ ಹೊಸದಾಗಿ ಹತ್ತಿತು. ಆ ತಿರುವಿನಲ್ಲಿ ಮತ್ತೆ ಕಾಲು ಏಳಲಿಲ್ಲ. ಬಿಸಿಲು ಏರಿತ್ತು. ಅವಳು ಅವಸರ ಮಾಡಲಿಲ್ಲ, ಕೈ ಹಿಡಿದು ನಿಂತೇ ಇದ್ದಳು.

ಮನೆಯಲ್ಲಿ ಅತ್ತೆ ನನ್ನ ಗದ್ದ ನೋಡಿ ಗಾಬರಿಯಾದರು. "ವೈನಿ ಜಾರಿದ್ರವಾ" ಎಂದಷ್ಟೇ ಹೇಳಿ ಅವಳು ಅರಿಶಿನ ತಂದಳು. ಅಂದೇ ನಾನು ಗಂಡನಿಗೆ ಎಲ್ಲ ಹೇಳಿದೆ. ಅದೇ ವಾರ ಅವಳನ್ನು ಹುಬ್ಬಳ್ಳಿಗೆ, ಮನಸ್ಸಿನ ರೋಗ ನೋಡುವ ಡಾಕ್ಟರ ಹತ್ತಿರ ಕರೆದೊಯ್ದೆವು. ಮೊದಮೊದಲು ಬರಲು ಒಲ್ಲೆನೆಂದಳು. ಆಮೇಲೆ ತಾನೇ ತಯಾರಾಗಿ ಕೂರುತ್ತಿದ್ದಳು. ಗುಳಿಗೆ ನಡೆದವು, ಮಾತೂ ನಡೆಯಿತು. ಮನೆಯಲ್ಲಿ ನಾವೂ ಆ ಕೂಸಿನ ಮಾತಾಡಲು ಕಲಿತೆವು. ಬೇಸಿಗೆಯ ಹೊತ್ತಿಗೆ ಅವಳ ಗಂಡ ಬಂದು ನರಗುಂದಕ್ಕೆ ಕರೆದೊಯ್ದ.

ನನ್ನ ಭಯವೇನೂ ಕಡಿಮೆಯಾಗಿಲ್ಲ. ಹುಲ್ಲಿನಲ್ಲಿ ತೆವಳುತ್ತಿದ್ದಂತೆ, ಕೈ ಚಾಚಿದರೆ ಅಲ್ಲಿ ಯಾರೂ ಇಲ್ಲದಂತೆ ಕನಸು ಬಿದ್ದು ಈಗಲೂ ಬೆವರುತ್ತೇನೆ. ಮೊನ್ನೆ ಅವಳು ಫೋನ್ ಮಾಡಿದ್ದಳು.

"ನಮ್ಮ ನರಗುಂದದ ಗುಡ್ಡಾನೂ ಚಲೋ ಐತ್ರಿ ವೈನಿ. ಬರ್ರಿ ಒಮ್ಮೆ, ಕೂಡಿ ಹತ್ತೂಣು" ಎಂದು ನಕ್ಕಳು.

"ನಿನ್ನ ಗಂಡನ್ನ ಕರಕೊಂಡು ಹೋಗವಾ, ನಾ ಕೆಳಗ ನಿಂತಿರ್ತೀನಿ" ಅಂದೆ.