ಹಿಂದಿನ ಸೀಟಿಗೆ ಬ್ರೇಕ್ ಇಲ್ಲ

ಇಬ್ಬರು ತುಳಿಯುವ ಸೈಕಲ್ಲಿನಲ್ಲಿ ಹಿಂದೆ ಕೂತವರಿಗೆ ಬ್ರೇಕ್ ಇರುವುದಿಲ್ಲ. ಹ್ಯಾಂಡಲ್ ಇರುತ್ತದೆ, ಆದರೆ ಅದು ತಿರುಗುವುದಿಲ್ಲ. ಸುಮ್ಮನೆ ಹಿಡಿದುಕೊಳ್ಳಲಿಕ್ಕೆ, ಅಷ್ಟೆ. ಮುಂದಿನವರು ಎಲ್ಲಿಗೆ ಒಯ್ಯುತ್ತಾರೋ ಅಲ್ಲಿಗೆ ಹೋಗಬೇಕು. ಉಪ್ಪಿಟ್ಟಿಗೆ ಎಷ್ಟು ನೀರು ಹಾಕಬೇಕು ಎಂಬುದರಿಂದ ಹಿಡಿದು ಕಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದರವರೆಗೆ ಮದುವೆಯಾದಾಗಿನಿಂದ ಅಪ್ಪಣೆ ಕೊಡುತ್ತಲೇ ಬಂದ ನನ್ನ ಗಂಡನನ್ನು ಅಂಥ ಸೀಟಿನಲ್ಲಿ ಕೂರಿಸುವುದು ಹುಡುಗಾಟದ ಮಾತಲ್ಲ.

ಅವರಿಗೆ ಮೊದಲಿನಿಂದಲೂ ಸೈಕಲ್ ಹುಚ್ಚು. ನಾವು ಈ ದೇಶಕ್ಕೆ ಬಂದು ಇಳಿದದ್ದು ಪರ್ತ್‌ನಲ್ಲಿ, ಮೋರ್ಲಿಯಲ್ಲಿ ಬಾಡಿಗೆ ಮನೆ. ನಾನು ಅಲ್ಲಿನ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಅವರು ನದಿ ದಂಡೆಯ ದಾರಿ ಹಿಡಿದು ಸೈಕಲ್ಲಿನಲ್ಲೇ ಆಫೀಸಿಗೆ ಹೋಗುತ್ತಿದ್ದರು. ಜುಲೈ ಚಳಿಗಾಲ ಬಂತೆಂದರೆ ಕಂಬಳಿ ಹೊದ್ದು ಟಿವಿ ಮುಂದೆ ಕೂತು ಫ್ರಾನ್ಸಿನ ಸೈಕಲ್ ಪಂದ್ಯ ನೋಡುವುದು. ಯಾರು ಗೆದ್ದರು ಎಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ. ಅವರ ಕಣ್ಣೆಲ್ಲ ಹೆಲಿಕಾಪ್ಟರಿನಿಂದ ತೋರಿಸುವ ಹಳ್ಳಿ ರಸ್ತೆಗಳ ಮೇಲೆ.

“ನೋಡೇ, ಆ ಪಕ್ಕದ ರಸ್ತೇಲಿ ಒಂದು ನರಪಿಳ್ಳೆ ಇಲ್ಲ. ಅಲ್ಲಿ ನಾವಿಬ್ರೇ ಹೋಗ್ಬೇಕು, ಆರಾಮಾಗಿ.”

“ಮೊದ್ಲು ಕಸದ ಬಿನ್ ಹೊರಗಿಟ್ಟು ಬನ್ನಿ, ಆಮೇಲೆ ಫ್ರಾನ್ಸು,” ಎನ್ನುತ್ತಿದ್ದೆ ನಾನು.

ಅವರ ಕೆಲಸದ ಸಲುವಾಗಿ ಅಡಿಲೇಡ್‌ಗೆ ಬಂದು ಮಾಸನ್ ಲೇಕ್ಸ್‌ನಲ್ಲಿ ಮನೆ ಮಾಡಿದೆವು. ಅಲ್ಲಿರುವಾಗ ಗ್ಲಾಕೋಮಾ ಬಂತು. ಬಂತು ಎನ್ನುವುದೂ ತಪ್ಪು. ಅದು ಎಷ್ಟೋ ಕಾಲದಿಂದ ಸದ್ದಿಲ್ಲದೆ ಒಳಗೇ ಇತ್ತಂತೆ, ನಮಗೆ ಗೊತ್ತಾಗುವ ಹೊತ್ತಿಗೆ ಎರಡೂ ಪಕ್ಕದ ನೋಟವನ್ನು ತಿಂದು ಮುಗಿಸಿತ್ತು. ಬಾಗಿಲ ಸಂದಿಯಿಂದ ಕಂಡಷ್ಟು ಮಾತ್ರ ಎದುರಿಗೆ ಉಳಿದಿತ್ತು. ಉಳಿದದ್ದನ್ನು ಕಾಪಾಡಬಹುದು, ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ಡ್ರೈವಿಂಗ್ ಲೈಸೆನ್ಸನ್ನು ವಾಪಸ್ಸು ಕೊಟ್ಟದ್ದಾಯಿತು. ಸೈಕಲ್ಲನ್ನು ಯಾರಿಗೋ ದಾನ ಮಾಡಿದ್ದಾಯಿತು. ಕ್ಲಿನಿಕ್ಕಿನವರು ಕೊಟ್ಟ ಬಿಳಿ ಕೋಲು ಪ್ಲಾಸ್ಟಿಕ್ ಕವರಿನ ಸಮೇತ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಸೇರಿತು. ದೊಡ್ಡ ಅಕ್ಷರದ ಕಂಪ್ಯೂಟರ್ ಇಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅದು ಮುಗಿದರೆ ಸೋಫಾ. ಮನೆ ಹತ್ತಿರದ ಕೆರೆಯವರೆಗೆ ನಡೆದು ಬರೋಣ ಎಂದರೂ ಬರುತ್ತಿರಲಿಲ್ಲ.

“ನನ್ನ ಪಾಲಿನ ರಸ್ತೆ ಮುಗೀತು ಬಿಡು,” ಎಂದು ಒಂದು ದಿನ ಹೇಳಿದರು. ದುಃಖದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಹಾಲು ಮುಗೀತು ಎನ್ನುವ ಹಾಗೆ ಹೇಳಿದರು. ಕಣ್ಣು ಮಂಜಾದದ್ದಕ್ಕಿಂತ ಈ ಮನುಷ್ಯ ಇನ್ನು ಹೊಸ್ತಿಲು ದಾಟುವುದೇ ಇಲ್ಲವೇನೋ ಎಂಬುದು ನನಗೆ ದೊಡ್ಡ ಭಯವಾಗಿತ್ತು. ನನಗೆ ಭಯವಾದರೆ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ. ಆ ವರ್ಷ ನಮ್ಮ ಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿಯೇ ಇತ್ತು.

ಈಸ್ಟರ್ ರಜೆಗೆ ಬ್ರಿಸ್ಬೇನ್‌ನಲ್ಲಿರುವ ಮಗಳ ಮನೆಗೆ ಹೋದೆವು. ಅವಳು ಟೂವಾಂಗ್‌ನಲ್ಲಿ ಚಿಕ್ಕದೊಂದು ಫ್ಲ್ಯಾಟಿನಲ್ಲಿದ್ದಾಳೆ. ಕೆಳಗಿನ ಮನೆಯವರಿಂದ ಅವಳು ಇಬ್ಬರ ಸೈಕಲ್ ಕೇಳಿ ತಂದಿಟ್ಟಿದ್ದಳು. ನಾವು ಕನ್ನಡದಲ್ಲಿ ಬೈದರೂ ಮುದ್ದು ಮಾಡಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

“ಅಪ್ಪಾ, ಯೂ ಜಸ್ಟ್ ಪೆಡಲ್. ಅಮ್ಮ ವಿಲ್ ಸ್ಟಿಯರ್.”

“ನಿಮ್ಮಮ್ಮನಾ? ಸರಿಹೋಯ್ತು!”

ಆ ಒಂದು ಮಾತಿಗೆ ನಾನು ಹತ್ತಿಬಿಟ್ಟೆ. ಮೈಸೂರಿನಲ್ಲಿ ಕಾಲೇಜಿಗೆ ಲೇಡೀಸ್ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು ನಾನು, ಚಾಮುಂಡಿ ಬೆಟ್ಟದ ಕೆಳಗೆ ಗಂಡು ಹುಡುಗರನ್ನು ಹಿಂದೆ ಹಾಕಿದವಳು. ಆದರೆ ಆಗ ಹಿಂದೆ ಗಂಡ ಇರಲಿಲ್ಲ. ಪಾರ್ಕಿನಲ್ಲಿ ನಾವು ಹೊರಟ ಚೆಂದವೋ! ಎತ್ತು ಏರಿಗೆ, ಕೋಣ ನೀರಿಗೆ. ನಾನು ಎಡಗಾಲು ಮೊದಲು ತುಳಿದರೆ ಅವರು ಬಲಗಾಲು. “ಬ್ರೇಕ್ ಹಿಡಿ! ಬ್ರೇಕ್ ಹಿಡಿ ಅಂದ್ನಲ್ಲ!” ಎಂಬ ಕೂಗು ಬೇರೆ. ಯಾವುದೇ ಅಡ್ಡಿ ಇಲ್ಲದ ಹುಲ್ಲಿನ ಮೇಲೆ ಇಬ್ಬರೂ ಉರುಳಿದೆವು.

ಅವರು ಬಿದ್ದಲ್ಲೇ ಕೂತು, “ನಾನು ಲಗೇಜು ಕಣೇ. ಲಗೇಜಿಗ್ಯಾಕೆ ಸೀಟು, ಪೆಡಲ್ಲು?” ಎಂದರು.

“ಲಗೇಜಾಗಿದ್ರೆ ಬಾಯಿ ಮುಚ್ಕೊಂಡಿರ್ತಿತ್ತು!” ಎಂದೆ ನಾನು, ಇಡೀ ಪಾರ್ಕಿಗೆ ಕೇಳುವ ಹಾಗೆ.

ಮಗಳು ನಗು ತಡೆಯಲಾರದೆ ಹುಲ್ಲಿನ ಮೇಲೇ ಕೂತುಬಿಟ್ಟಳು. ಅವಳ ನಗು ಕೇಳಿ ಅವರೂ ನಕ್ಕರು. ಆ ನಗೆ ಕೇಳಿ ಎಷ್ಟು ತಿಂಗಳಾಗಿತ್ತು ಎಂದು ಹೊಳೆದು ನಾನು ಹೆಲ್ಮೆಟ್ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದೆ. ಅಲ್ಲೇ ಒಂದು ಕರಾರಾಯಿತು. ಬ್ರೇಕ್ ಎಂಬ ಶಬ್ದ ಅವರ ಬಾಯಲ್ಲಿ ಬರಕೂಡದು. ಹೆದರಿಕೆಯಾದರೆ “ಏನ್ ಕಾಣ್ತಿದೆ?” ಎಂದು ಕೇಳಬೇಕು. ಕಂಡದ್ದನ್ನೆಲ್ಲ ನಾನು ಹೇಳಬೇಕು.

ಅಡಿಲೇಡ್‌ಗೆ ಮರಳಿ ಅಂಥದೇ ಒಂದು ಹಳೆಯ ಸೈಕಲ್ ಕೊಂಡೆವು. ಭಾನುವಾರ ಬೆಳಿಗ್ಗೆ ಊರಿನ ಉತ್ತರಕ್ಕೆ, ಹೊಲಗಳ ನಡುವಿನ ಖಾಲಿ ರಸ್ತೆಗಳಲ್ಲಿ ಹೊರಡುತ್ತಿದ್ದೆವು. “ಏನ್ ಕಾಣ್ತಿದೆ?” “ಹುಲ್ಲಿನ ಸುರುಳಿಗಳು. ತಂತಿ ಮೇಲೆ ಗುಲಾಬಿ ಎದೆಯ ಗಿಳಿಗಳು. ದೂರದಲ್ಲೊಂದು ಸರ್ವೋ, ಅಲ್ಲಿ ಕಾಫಿ ಸಿಗತ್ತೆ.” ಪೆಟ್ರೋಲ್ ಬಂಕಿಗೆ ಸರ್ವೋ ಎನ್ನುವುದನ್ನು ನಾನೂ ಕಲಿತುಬಿಟ್ಟಿದ್ದೆ. ಸೆಪ್ಟೆಂಬರ್ ಬಂದಾಗ ಮರಿ ಮಾಡಿದ ಮ್ಯಾಗ್‌ಪೈ ಹಕ್ಕಿಗಳು ತಲೆ ಕುಕ್ಕಲು ಬರತೊಡಗಿದವು. ನಾನು ನೋಡುವ ಮೊದಲೇ ಹಿಂದಿನಿಂದ “ಬಲಗಡೆಯಿಂದ ಬಂತು, ಬಗ್ಗು!” ಎಂಬ ಕೂಗು ಬರುತ್ತಿತ್ತು. ರೆಕ್ಕೆ ಸದ್ದು ಅವರಿಗೆ ಹೇಗೆ ಕೇಳಿಸುತ್ತಿತ್ತೋ ನನಗೆ ತಿಳಿಯದು. ಹಕ್ಕಿಯ ವಿಷಯ ಕರಾರಿನಲ್ಲಿ ಇರಲಿಲ್ಲವಾದ್ದರಿಂದ ನಾನು ಆಕ್ಷೇಪಿಸಲಿಲ್ಲ. ಆದರೂ ವಾರದ ಉಳಿದ ದಿನ ಸೋಫಾ ಸೋಫಾವೇ. ನಾನಿಲ್ಲದೆ ಅವರು ಬಾಗಿಲು ದಾಟುತ್ತಿರಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಫ್ರಾನ್ಸಿಗೆ ಹೋದೆವು. ಬರ್ಗಂಡಿಯ ಒಂದು ಸಣ್ಣ ಊರಿನಲ್ಲಿ ಇಬ್ಬರ ಸೈಕಲ್ ಬಾಡಿಗೆಗೆ ತೆಗೆದುಕೊಂಡು, ಕಾಲುವೆ ದಂಡೆಯಲ್ಲಿ, ಎರಡೂ ಬದಿ ಹೂಬಿಟ್ಟ ಬೇಲಿಗಳಿದ್ದ ಹಳ್ಳಿ ರಸ್ತೆಗಳಲ್ಲಿ ಮೆಲ್ಲಗೆ ಸಾಗಿದೆವು. ಟಿವಿಯಲ್ಲಿ ಕಂಡದ್ದು ಸುಳ್ಳಲ್ಲ, ನಿಜಕ್ಕೂ ನರಪಿಳ್ಳೆ ಇಲ್ಲ. ಬಿಳಿ ದನಗಳು ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿದ್ದವು. ಅಲ್ಲಿ ಬಲಗಡೆ ಹೋಗಬೇಕು. ಹುಟ್ಟಿದಾಗಿನಿಂದ ಎಡಗಡೆ ಹೋದ ಜೀವಕ್ಕೆ ಮೊದಲ ದಿನವಿಡೀ ಬಲ, ಬಲ ಎಂದು ಜಪ ಮಾಡಬೇಕಾಯಿತು.

ಒಂದು ಮಧ್ಯಾಹ್ನ ಚರ್ಚಿನ ಪಕ್ಕದ ಕಲ್ಲುಬೆಂಚಿನ ಮೇಲೆ ಉದ್ದನೆಯ ಬ್ರೆಡ್ಡಿಗೆ ಬೆಣ್ಣೆ, ಮನೆಯಿಂದ ತಂದ ಚಟ್ನಿಪುಡಿ ಸವರಿ ತಿಂದು ಹೊರಟೆವು. ಬಿಸಿಲು ಹಿತವಾಗಿತ್ತು, ಹೊಟ್ಟೆ ತುಂಬಿತ್ತು. ಹಾಡು ಗುನುಗುತ್ತಾ ತುಳಿಯುತ್ತಿದ್ದೆ. ಏನ್ ಕಾಣ್ತಿದೆ ಎಂಬ ಪ್ರಶ್ನೆ ಬಹಳ ಹೊತ್ತು ಬರಲೇ ಇಲ್ಲ. ಆಮೇಲೆ ಅವರು ನಿಧಾನವಾಗಿ, “ಲೇ, ಬೇಲಿ ಎಡಗಡೆ ಕೇಳ್ತಿದೆ,” ಎಂದರು.

“ಬೇಲಿ ಕೇಳೋದೇನ್ರೀ?”

“ಜೇನುಹುಳ, ಗುಬ್ಬಿ ಸದ್ದು. ಬೆಳಗ್ಗೆಯಿಂದ ನನ್ನ ಬಲಗಿವಿ ಹತ್ರ ಇತ್ತು. ಈಗ ಎಡಗಿವಿ ಹತ್ರ ಇದೆ.”

ರಸ್ತೆ ನೋಡಿಕೊಂಡೆ. ಊಟ ಮಾಡಿ ಹೊರಟಾಗ ಅಡಿಲೇಡ್‌ನಲ್ಲಿ ಹೋಗುವ ಹಾಗೆ ಎಡಗಡೆ ಹಿಡಿದುಬಿಟ್ಟಿದ್ದೆ. ಎದುರಿಗೆ ಒಂದು ಗಾಡಿ ಬಂದಿದ್ದರೂ ನೆನಪಾಗುತ್ತಿತ್ತು. ಖಾಲಿ ರಸ್ತೆಯಲ್ಲಿ ನೆನಪಿಸುವವರು ಯಾರು? ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ. ಮುಂದಿನ ತಿರುವಿನಲ್ಲಿ ಬ್ರೆಡ್ ಮಾರುವವನ ವ್ಯಾನು ಬೇಲಿಗೆ ಒತ್ತಿಕೊಂಡೇ ಬಂತು, ಸ್ವಲ್ಪ ಮೊದಲು ನಾವಿದ್ದ ಬದಿಯಲ್ಲೇ. ಆತ ನಗುತ್ತಾ ಕೈ ಬೀಸಿ ಹೋದ.

ಸೈಕಲ್ ನಿಲ್ಲಿಸಿದೆ. ರಸ್ತೆ ಪಕ್ಕದ ಹುಲ್ಲಿನಲ್ಲಿ ಕೂತು ಅತ್ತೆ, ಮುಚ್ಚಿಡುವುದೇನು. ಅವರು ತಡವುತ್ತಾ ಬಂದು ಪಕ್ಕದಲ್ಲಿ ಕೂತರು. ವ್ಯಾನಿನ ಸದ್ದು ಪೂರ್ತಿ ಕರಗುವವರೆಗೆ ಕಿವಿಗೊಟ್ಟು ಕೇಳಿದರು. ಆಮೇಲೆ, “ಪರವಾಗಿಲ್ಲ ಕಣೇ, ಲಗೇಜಿಗೂ ಕೆಲಸ ಇದೆ,” ಎಂದರು. ಅವರ ಮುಖ ನೋಡಿದೆ. ನಿಜವಾಗಿಯೂ ಖುಷಿಯಾಗಿತ್ತು ಅವರಿಗೆ. ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಕೂತಿದ್ದರು.

ಉಳಿದ ದಾರಿಯೆಲ್ಲ ನಾನು ಕಂಡದ್ದನ್ನು ಹೇಳುತ್ತಿದ್ದೆ, ಅವರು ಕೇಳಿಸಿದ್ದನ್ನು ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಅವರ ವರದಿಯೇ ಹೆಚ್ಚು ಸ್ವಾರಸ್ಯವಾಗಿತ್ತು.

ಮಾಸನ್ ಲೇಕ್ಸ್‌ಗೆ ಮರಳಿ ಕೆಲವು ವಾರಗಳಾಗಿದ್ದವು. ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಬಟ್ಟೆ ಹರವಿ ಒಳಗೆ ಬಂದೆ. ಸೋಫಾ ಖಾಲಿ. ಸ್ನಾನದ ಮನೆ ಖಾಲಿ. ಅಡುಗೆಮನೆಯ ಬಿನ್ನಿನಲ್ಲಿ ಉದ್ದನೆಯದೊಂದು ಪ್ಲಾಸ್ಟಿಕ್ ಕವರು ಸುಕ್ಕಾಗಿ ಬಿದ್ದಿತ್ತು. ಓಡಿಹೋಗಿ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಕೈ ಹಾಕಿದೆ. ಬಿಳಿ ಕೋಲು ಇರಲಿಲ್ಲ.

ಅಷ್ಟರಲ್ಲಿ ಫೋನು.

“ಟ್ರೇನ್ ಹತ್ತಿದೀನಿ ಕಣೇ. ಸಿಟಿಗೆ ಹೋಗ್ತಿದೀನಿ. ಮಾರ್ಕೆಟ್ಟಿಂದ ಕೊತ್ತಂಬರಿ ಸೊಪ್ಪು ತರ್ಲಾ?”

ಮೆಟ್ಟಿಲು, ಎಸ್ಕಲೇಟರು, ಟ್ರಾಮಿನ ಹಳಿ, ಸಿಗ್ನಲ್ಲು ಎಲ್ಲ ಒಟ್ಟಿಗೆ ನನ್ನ ಕಣ್ಣಮುಂದೆ ಬಂದವು. ಮುಂದಿನ ಸ್ಟೇಷನ್ನಿನಲ್ಲೇ ಇಳೀರಿ, ನಾನು ಕಾರು ತರ್ತೀನಿ ಎಂಬ ಮಾತು ನಾಲಿಗೆ ತುದಿಗೆ ಬಂತು. ಒಂದು ವರ್ಷದಿಂದ ಅವರು ನನ್ನ ಬೆನ್ನ ಹಿಂದೆ ಕೂತು ನುಂಗಿಕೊಂಡದ್ದು ಏನೆಂದು ಆಗ ಗೊತ್ತಾಯಿತು. ನನ್ನ ಕೈಯಲ್ಲೂ ಬ್ರೇಕ್ ಇರಲಿಲ್ಲ.

ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡೆ.

“ತನ್ನಿ,” ಎಂದೆ. “ಈಗ ಏನೇನು ಕೇಳಿಸ್ತಿದೆ, ಹೇಳಿ.”

“ಇರು, ಹೇಳ್ತೀನಿ,” ಎಂದು ಅವರು ಶುರು ಮಾಡಿದರು.