ನಮ್ಮ ಪರವಾಗಿ ಒಬ್ಬರು

ಸಂಶೋಧಕ ಎನ್ನುವ ಜಾತಿಯನ್ನು ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ವಿಶ್ವವಿದ್ಯಾಲಯದಿಂದ ಬಂದ ಅಂಥವನೊಬ್ಬ ಸರ್ವಧರ್ಮ ಸಂವಾದ ಏರ್ಪಡಿಸಿದ್ದ. ಧರ್ಮಕ್ಕೊಬ್ಬ ಪ್ರತಿನಿಧಿ. ಮಸೀದಿಯಿಂದ ಮೌಲ್ವಿ, ಚರ್ಚಿನಿಂದ ಪಾದ್ರಿ, ಹಿಂದೂಗಳ ಪರವಾಗಿ ನಮ್ಮ ಅಸೋಸಿಯೇಷನ್ ಅಧ್ಯಕ್ಷ. ಆತನನ್ನು ಹಿಂದೂಗಳು ಯಾವಾಗ ಆರಿಸಿದರೋ ಆ ಶಿವನೇ ಬಲ್ಲ. ನಾವು ಆರಿಸಿದ್ದು ನೀರಿನ ಟ್ಯಾಂಕರ್ ಹೊತ್ತಿಗೆ ಸರಿಯಾಗಿ ಬರಲಿ ಅಂತ.

ಮಾತು ಪಕ್ಕದ ಹಳ್ಳಿಯ ಹಳೇ ಸ್ಮಶಾನವನ್ನು ಏನು ಮಾಡುವುದೆನ್ನುವ ಬಗ್ಗೆ. ಮೂವರೂ ಒಪ್ಪಿದಂತೆ ವರದಿ ಬರೆದು ಪಾಲಿಕೆಗೆ ಕೊಡುವುದು ಸಂಶೋಧಕನ ಕೆಲಸ. ಅಧ್ಯಕ್ಷ ಉದಾರವಾಗಿ ಕೈ ಬೀಸಿದ. "ನಮ್ಮಲ್ಲಿ ಸುಡೋದು ಸಾರ್, ನಮಗೆ ಜಾಗ ಯಾಕೆ? ನೀವಿಬ್ರೂ ಒಂದೊಂದು ಮೂಲೆ ತಗೊಳ್ಳಿ, ಮಿಕ್ಕಿದ್ದು ಪಾರ್ಕ್ ಮಾಡ್ಬಿಡೋಣ." ಚಪ್ಪಾಳೆ ಬಿತ್ತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಆ ಮಿಕ್ಕಿದ್ದರಲ್ಲಿ ನನ್ನ ಮಾವ ಇದ್ದಾರೆ. ನಾವು ಧಾರವಾಡದ ಕಡೆಯ ಲಿಂಗಾಯತರು, ಸುಡುವುದಿಲ್ಲ. ಕೈಯಲ್ಲಿ ಇಷ್ಟಲಿಂಗವಿಟ್ಟು, ಕೂರಿಸಿ, ಮಣ್ಣು ಮಾಡುತ್ತೇವೆ. ತಮ್ಮನ್ನೂ ಅವರ ಮಗ್ಗುಲಲ್ಲೇ ಮಣ್ಣು ಮಾಡಬೇಕೆಂದು ಅತ್ತೆ ಮಾವ ಹೋದ ದಿನದಿಂದಲೂ ಹೇಳುತ್ತ ಬಂದಿದ್ದಾರೆ. ಆ ಸಭೆಯಲ್ಲಿ ಅವರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

ನಾನು ಎದ್ದು ಇಷ್ಟನ್ನೂ ಹೇಳಿದೆ. ಸಂಶೋಧಕ ಬರೆಯುವುದನ್ನು ನಿಲ್ಲಿಸಿ, "ಮೇಡಂ, ನೀವು ಹಿಂದೂ ಅಂದ್ರೆ ಸಾರ್ ಆಗ್ಲೇ ಮಾತಾಡಿದ್ರು. ಬೇರೆ ಧರ್ಮ ಅಂದ್ರೆ ನಿಮ್ಮ ಮಠದಿಂದ ಯಾರಾದ್ರೂ ಬರ್ಬೇಕಿತ್ತು" ಎಂದ.

"ಗಂಡನನ್ನ ಅಲ್ಲಿ ಮಣ್ಣು ಮಾಡಿದವರೇ ಇಲ್ಲಿ ಕೂತಿದ್ದಾರಲ್ರೀ, ಮಠ ಯಾಕೆ?" ಅಂತ ಕೂಗಿದೆ.

"ಪರ್ಸನಲ್ ವಿಷಯ ಬೇಡ ಮೇಡಂ" ಅಂದ ಅಧ್ಯಕ್ಷ. ಮೌಲ್ವಿಯೂ ಪಾದ್ರಿಯೂ ತಲೆ ಎತ್ತಲಿಲ್ಲ. ಅವರವರ ಮೂಲೆ ಅವರವರಿಗೆ ಸಿಕ್ಕಿತ್ತು.

ಕೊನೆಗೆ ಫೋಟೋ. ಸಾಲಿನಲ್ಲಿ ಒಬ್ಬ ಹೆಂಗಸೂ ಇಲ್ಲವೆಂದು ಸಂಶೋಧಕನಿಗೆ ಆಗ ಹೊಳೆಯಿತು. ಅತ್ತೆಯ ಹತ್ತಿರ ಬಂದು, "ಅಜ್ಜಿ, ವಿಭೂತಿ ಚೆನ್ನಾಗಿ ಕಾಣ್ತಿದೆ, ಮಧ್ಯೆ ನಿಂತ್ಕೊಳ್ಳಿ" ಎಂದು ಹಲ್ಲು ಕಿರಿದ. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಅತ್ತೆಯ ಕೈ ಹಿಡಿದು ಹೊರಟುಬಿಟ್ಟೆ.

ಲಿಫ್ಟಿನಲ್ಲಿ ಅತ್ತೆ ನನ್ನ ಕಡೆ ತಿರುಗಿದರು.

"ಆ ಪಾರ್ಕಿನ ಕೆಲಸ ಯಾವಾಗ ಚಾಲೂ ಮಾಡ್ತಾರವಾ?" ಅಂತ ಕೇಳಿದರು.

"ಗೊತ್ತಿಲ್ರಿ, ಅತ್ತಿ."

"ಅಷ್ಟ್ರೊಳಗ ನಾ ಹೋಗಿಬಿಟ್ರ ಚಲೋ."